ತಗ್ಗಿನ ಸೈಟು, ನೆರೆಯ ನೀರು: ನಿಮ್ಮ ಪ್ರಶ್ನೆಗಳಿಗೆ ಉತ್ತರ

ನೆರೆ ನೀರು ಬರುವ ಜಾಗದಲ್ಲಿ ಮನೆ ಕಟ್ಟುವ ನಿಯಮಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದಿದ್ದೆ. ಪತ್ರಗಳು ರಾಶಿ ಬಂದಿವೆ. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ್ದರೆ ಅದರಲ್ಲಿ ಒಂದನ್ನು ಮಾತ್ರ ಆರಿಸಿಕೊಂಡಿದ್ದೇನೆ. ನಾನು ಕಟ್ಟಡದ ನಕ್ಷೆಗಳನ್ನು ಪರಿಶೀಲಿಸುವ ಮೇಜಿನ ಹಿಂದೆ ವರ್ಷಗಟ್ಟಲೆ ಕೂತವಳು. ಮನೆ ಚೆನ್ನಾಗಿದೆಯಾ ಅಂತ ನೋಡುವುದು ನನ್ನ ಕೆಲಸ ಆಗಿರಲಿಲ್ಲ. ಆ ಮನೆ ಎದ್ದ ಮೇಲೆ ಅಲ್ಲಿನ ನೀರು ಎಲ್ಲಿಗೆ ಹೋಗುತ್ತೆ ಅಂತ ನೋಡುವುದೇ ನನ್ನ ಕೆಲಸವಾಗಿತ್ತು. ಈ ಉತ್ತರಗಳನ್ನೂ ಅದೇ ಕಣ್ಣಿನಿಂದ ಬರೆದಿದ್ದೇನೆ. ನಿಯಮದಲ್ಲಿರುವ ಅಂಕಿಗಳು ಊರಿಂದ ಊರಿಗೆ ಬೇರೆ ಇರುತ್ತವೆ. ಅವುಗಳ ಹಿಂದಿನ ಲೆಕ್ಕ ಮಾತ್ರ ಎಲ್ಲ ಕಡೆ ಒಂದೇ.

ಪ್ರಶ್ನೆ: ನಾವು ನೋಡಿರುವ ಸೈಟು ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹದ ವಲಯದಲ್ಲಿದೆ. ಕೆಲವು ವರ್ಷಗಳ ಹಿಂದೆ ಅಲ್ಲಿ ದೊಡ್ಡ ನೆರೆ ಬಂದು ಹೋಗಿದೆಯಂತೆ. ಅಂದಮೇಲೆ ನಮ್ಮ ಕಾಲದಲ್ಲಿ ಇನ್ನೊಂದು ಬರುವುದಿಲ್ಲ ಅಲ್ವಾ?

ಉತ್ತರ: ಬರಬಹುದು. ಮುಂದಿನ ಮಳೆಗಾಲದಲ್ಲೇ ಬರಬಹುದು. ಯಾವುದೇ ಒಂದು ವರ್ಷ ತೆಗೆದುಕೊಂಡರೂ ಅಷ್ಟು ಎತ್ತರದ ನೀರು ಬರುವ ಸಾಧ್ಯತೆ ನೂರಕ್ಕೆ ಒಂದು ಅನ್ನುವುದಷ್ಟೇ ಆ ನಕ್ಷೆಯ ಲೆಕ್ಕ. ಹೋದ ವರ್ಷ ಬಂತು ಅಂತ ಈ ವರ್ಷದ ಸಾಧ್ಯತೆ ಕಮ್ಮಿ ಆಗುವುದಿಲ್ಲ.

ಈಗ ಇದನ್ನು ನಿಮ್ಮ ಮನೆಯ ಆಯುಸ್ಸಿಗೆ ಹೊಂದಿಸಿ ನೋಡಿ. ಮನೆಸಾಲ 30 ವರ್ಷದ್ದು ಅಂದುಕೊಳ್ಳೋಣ. ಆ 30 ವರ್ಷದಲ್ಲಿ ಒಮ್ಮೆಯಾದರೂ ಅಂಥ ನೆರೆ ಬರುವ ಸಾಧ್ಯತೆ ನೂರಕ್ಕೆ 26. ಅಂದರೆ ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚು. ಮನೆ 50 ವರ್ಷ ನಿಲ್ಲುತ್ತೆ ಅಂದರೆ ನೂರಕ್ಕೆ 40ರ ಹತ್ತಿರ. ಸಾಲ ತೀರುವ ಮೊದಲು ಮನೆಗೆ ನೀರು ನುಗ್ಗುವ ಸಾಧ್ಯತೆ ನಾಲ್ಕರಲ್ಲಿ ಒಂದು ಅಂತ ಬ್ಯಾಂಕಿನವರು ಹೇಳಿದ್ದರೆ ನೀವು ಸಹಿ ಹಾಕುತ್ತಿದ್ದಿರಾ? ಆ ಮಾತನ್ನು ನಕ್ಷೆ ಆಗಲೇ ಹೇಳಿದೆ.

ಇನ್ನೊಂದು ವಿಷಯ. ನಕ್ಷೆಯ ಗೆರೆ ಗೋಡೆಯಲ್ಲ. ಗೆರೆಯಿಂದ ಒಂದು ಮೀಟರ್ ಆಚೆ ಇರುವ ಮನೆಗೂ ಈಚೆ ಇರುವ ಮನೆಗೂ ನೀರಿನ ಮಟ್ಟಿಗೆ ವ್ಯತ್ಯಾಸ ಬಹಳ ಕಮ್ಮಿ. ಹಿಂದಿನ ಮಳೆಯ ದಾಖಲೆ, ಅಂದಿನ ನೆಲದ ಏರುತಗ್ಗು ಇಟ್ಟುಕೊಂಡು ಆ ಗೆರೆ ಎಳೆದಿರುತ್ತಾರೆ. ಆಮೇಲೆ ಮೇಲ್ಭಾಗದಲ್ಲಿ ಹೊಸ ಬಡಾವಣೆ ಎದ್ದಿರುತ್ತೆ, ಮೋರಿ ಕಿರಿದಾಗಿರುತ್ತೆ. ಅದಕ್ಕೆ ನಕ್ಷೆ ಯಾವ ವರ್ಷದ್ದು ಅಂತ ಮೊದಲು ಕೇಳಿ.

ಪ್ರಶ್ನೆ: ನಮ್ಮದು 240 ಚದರ ಮೀಟರ್ ಸೈಟು. ಹೆಚ್ಚು ಮಳೆ ಬಂದಾಗ ಹತ್ತಿರದ ಹೊಳೆ ಉಕ್ಕಿ ಒಂದು ಮೀಟರ್ ನೀರು ನಿಲ್ಲುತ್ತೆ. ಒಂದೂವರೆ ಮೀಟರ್ ಮಣ್ಣು ತುಂಬಿಸಿ ಎತ್ತರ ಮಾಡಿ ಕಟ್ಟೋಣ ಅಂದುಕೊಂಡಿದ್ದೆವು. ಅನುಮತಿ ಕೊಡುವವರು ಒಪ್ಪುತ್ತಿಲ್ಲ. ನಮ್ಮ ಜಾಗಕ್ಕೆ ನಮ್ಮ ದುಡ್ಡಲ್ಲಿ ಮಣ್ಣು ಹಾಕಿಕೊಂಡರೆ ಅವರಿಗೇನು ಕಷ್ಟ?

ಉತ್ತರ: ನನಗೆ ಜಾಸ್ತಿ ಬಂದ ಪ್ರಶ್ನೆ ಇದು. ಅದಕ್ಕೇ ಸ್ವಲ್ಪ ನಿಧಾನವಾಗಿ ಉತ್ತರಿಸುತ್ತೇನೆ.

240 ಚದರ ಮೀಟರ್ ಜಾಗದಲ್ಲಿ ಒಂದು ಮೀಟರ್ ನೀರು ನಿಂತರೆ ಅದು 240 ಘನ ಮೀಟರ್. ಎರಡು ಲಕ್ಷದ ನಲವತ್ತು ಸಾವಿರ ಲೀಟರ್. ನೀವು ಮಣ್ಣು ತುಂಬಿಸಿದ ಮೇಲೂ ಹೊಳೆ ಅಷ್ಟೇ ನೀರು ತರುತ್ತೆ. ಇಷ್ಟು ದಿನ ನಿಮ್ಮ ಸೈಟಿನಲ್ಲಿ ನಿಲ್ಲುತ್ತಿದ್ದ ಆ ನೀರು ಈಗ ಪಕ್ಕದ ಸೈಟಿಗೆ, ಎದುರಿನ ಮನೆಗೆ, ಕೆಳಗಿನ ಕೇರಿಗೆ ಹೋಗಬೇಕು. ಒಬ್ಬರೇ ಮಾಡಿದರೆ ಇಡೀ ಬಯಲಿನಲ್ಲಿ ನೀರು ಏರುವುದು ಕಣ್ಣಿಗೆ ಕಾಣಲಾರದು. ಇಪ್ಪತ್ತು ಜನ ಮಾಡಿದರೆ ಇಪ್ಪತ್ತೊಂದನೆಯವನ ಹೊಸಿಲು ದಾಟುತ್ತೆ. ಅವನು ಸಾಮಾನ್ಯವಾಗಿ ಮಣ್ಣು ಹೊಡೆಸಲು ದುಡ್ಡಿಲ್ಲದವನು. ಫೈಲಿನಲ್ಲಿ ಅವನ ಹೆಸರೇ ಇರುವುದಿಲ್ಲ. ಅವನ ಪರವಾಗಿ ಮಾತಾಡಲು ಅಲ್ಲಿ ನಿಯಮ ಒಂದೇ ಇರುವುದು.

ಹಾಗಾಗಿ ತಿಳಿದು ಮಾಡಿದ ನಿಯಮಗಳು ಮಣ್ಣು ಹಾಕಲೇಬೇಡಿ ಅನ್ನುವುದಿಲ್ಲ. ಎಷ್ಟು ನೀರಿನ ಜಾಗ ಕಿತ್ತುಕೊಂಡಿರೋ ಅಷ್ಟನ್ನು ಹತ್ತಿರದಲ್ಲೇ ವಾಪಸ್ ಕೊಡಿ ಅನ್ನುತ್ತವೆ. ಇಲ್ಲಿ ಬಹಳ ಜನ ಎಡವುವ ಒಂದು ಸಂಗತಿ ಇದೆ. ವಾಪಸ್ ಕೊಡುವ ಜಾಗ ಅದೇ ಮಟ್ಟದಲ್ಲಿ ಇರಬೇಕು. 'ಮೂಲೆಯಲ್ಲಿ ಆಳವಾದ ಗುಂಡಿ ತೋಡುತ್ತೇವೆ, ಲೆಕ್ಕ ಸರಿಹೋಗುತ್ತೆ' ಅಂತ ಎಷ್ಟೋ ನಕ್ಷೆಗಳು ನನ್ನ ಮೇಜಿಗೆ ಬಂದಿವೆ. ಕಾಗದದಲ್ಲಿ ಲೆಕ್ಕ ಸರಿಯೇ. ಆದರೆ ಆ ಗುಂಡಿ ಮಳೆಗಾಲ ಶುರುವಾದ ಕೂಡಲೇ ಅಂತರ್ಜಲದಿಂದಲೋ ಮೊದಲ ಮಳೆಯಿಂದಲೋ ತುಂಬಿರುತ್ತೆ. ದೊಡ್ಡ ನೆರೆ ಬರುವ ಹೊತ್ತಿಗೆ ಅದರಲ್ಲಿ ಒಂದು ಲೀಟರಿಗೂ ಜಾಗ ಇರುವುದಿಲ್ಲ. ನೆಲದಿಂದ ಅರ್ಧ ಮೀಟರ್ ಎತ್ತರದವರೆಗಿನ ಜಾಗ ತೆಗೆದುಕೊಂಡಿದ್ದರೆ ಅದೇ ಎತ್ತರದಲ್ಲಿ, ಅರ್ಧದಿಂದ ಒಂದು ಮೀಟರ್‌ವರೆಗಿನದು ತೆಗೆದುಕೊಂಡಿದ್ದರೆ ಆ ಎತ್ತರದಲ್ಲಿ ನೆಲ ಇಳಿಸಿಕೊಡಬೇಕು. ಅಂದರೆ ಸೈಟಿನ ಇನ್ನೊಂದು ಭಾಗದಲ್ಲೋ ಪಕ್ಕದ ಏರು ಜಾಗದಲ್ಲೋ ಮಣ್ಣು ಕೆರೆದು ತಗ್ಗಿಸಬೇಕು. ಸಣ್ಣ ಸೈಟಿನಲ್ಲಿ ಇದು ಆಗುವ ಮಾತಲ್ಲ. ಅಂಥವರಿಗೆ ಕಂಬಗಳ ಮೇಲೆ ಮನೆ ಎತ್ತಿ ಕೆಳಗೆ ನೀರು ಆಡಲು ಬಿಡುವುದೇ ದಾರಿ.

ಸೈಟು ಹೊಳೆಯ ನೀರು ನಿಲ್ಲುವ ಕಡೆ ಇದೆಯಾ, ಹರಿಯುವ ಕಡೆ ಇದೆಯಾ ಅನ್ನುವುದನ್ನೂ ಕೇಳಿ. ಎರಡಕ್ಕೂ ಬಹಳ ವ್ಯತ್ಯಾಸ. ಅಮೆರಿಕದ ನಿಯಮದಲ್ಲಿ ಈ ಎರಡನ್ನೂ ಬೇರೆ ಬೇರೆ ಗುರುತಿಸುತ್ತಾರೆ. ನಡುವಿನ ಹರಿವಿನ ದಾರಿಯನ್ನು ಎಷ್ಟು ಅಗಲ ಬಿಡಬೇಕು ಅಂದರೆ, ಎರಡೂ ಅಂಚಿನ ಜಾಗ ಪೂರ್ತಿ ತುಂಬಿಹೋದರೂ ನೂರು ವರ್ಷದ ನೆರೆಯ ಮಟ್ಟ ಒಂದು ಅಡಿಗಿಂತ ಹೆಚ್ಚು ಏರಬಾರದು. ಆ ದಾರಿಯೊಳಗೆ ಏನೇ ಕಟ್ಟುವುದಿದ್ದರೂ ನೀರಿನ ಮಟ್ಟ ಸ್ವಲ್ಪವೂ ಏರುವುದಿಲ್ಲ ಅಂತ ಎಂಜಿನಿಯರ್ ಲೆಕ್ಕ ಹಾಕಿ ತೋರಿಸಬೇಕು. ನಿಮ್ಮ ಸೈಟು ಹರಿವಿನ ದಾರಿಯಲ್ಲಿದ್ದರೆ ದಯವಿಟ್ಟು ಕಟ್ಟುವ ಆಲೋಚನೆ ಬಿಡಿ. ಅಲ್ಲಿ ನೀರು ಬರೀ ಒದ್ದೆ ಮಾಡಿ ಹೋಗುವುದಿಲ್ಲ, ಪಾಯದ ಮಣ್ಣನ್ನೇ ಕೊರೆದುಕೊಂಡು ಹೋಗುತ್ತೆ.

ನೀರಿನ ಜಾಗ ಕಿತ್ತುಕೊಂಡರೆ ಆಮೇಲೆ ವಾಪಸ್ ಕೊಡುವುದು ಎಷ್ಟು ಕಷ್ಟ ಅಂತ ನೆದರ್ಲೆಂಡ್ಸ್‌ನವರನ್ನು ಕೇಳಬೇಕು. 1995ರಲ್ಲಿ ನದಿಗಳು ಉಕ್ಕಿ ಸುಮಾರು ಎರಡೂವರೆ ಲಕ್ಷ ಜನರನ್ನು ಮನೆ ಬಿಡಿಸಬೇಕಾಯಿತು. ದಂಡೆಗಳನ್ನು ಇನ್ನೂ ಎತ್ತರಿಸುತ್ತಾ ಹೋಗುವುದರಲ್ಲಿ ಅರ್ಥವಿಲ್ಲ ಅಂತ ಆಮೇಲೆ ಅವರು ನದಿಗೇ ಜಾಗ ಬಿಟ್ಟುಕೊಡುವ ಯೋಜನೆ ಮಾಡಿದರು. ನೈಮೇಗನ್ ನಗರದ ಹತ್ತಿರ ದಂಡೆಯನ್ನು 350 ಮೀಟರ್ ಹಿಂದಕ್ಕೆ ಸರಿಸಿ, ನದಿಗೆ ಇನ್ನೊಂದು ಕವಲು ತೋಡಿದರು. ಅದಕ್ಕಾಗಿ ಸುಮಾರು 50 ಮನೆಗಳು ಹೋದವು. ಇಷ್ಟೆಲ್ಲ ಮಾಡಿ ನೆರೆಯ ಮಟ್ಟ ಇಳಿದದ್ದು ಸುಮಾರು 35 ಸೆಂಟಿಮೀಟರ್. ನೀವು ತುಂಬಿಸಲು ಹೊರಟಿರುವುದು ಒಂದೂವರೆ ಮೀಟರ್.

ಪ್ರಶ್ನೆ: ಮನೆಯ ಪ್ಲಿಂತ್, ಅಂದರೆ ಗೋಡೆ ಏಳುವ ನೆಲಗಟ್ಟು, ರಸ್ತೆಯ ಮಟ್ಟದಿಂದ 60 ಸೆಂಟಿಮೀಟರ್ ಎತ್ತರ ಇಟ್ಟರೆ ಸಾಕು ಅಂತ ಮೇಸ್ತ್ರಿ ಹೇಳುತ್ತಾರೆ. ಸಾಕಾ?

ಉತ್ತರ: ರಸ್ತೆಯಿಂದ ಅಳೆದರೆ ಎಷ್ಟಿದ್ದರೂ ಹೇಳಲಾಗದು. ರಸ್ತೆ ಒಂದೇ ಕಡೆ ನಿಲ್ಲುವ ವಸ್ತುವಲ್ಲ. ಹಳೇ ಡಾಂಬರು ಕೀಳದೆ ಅದರ ಮೇಲೇ ಹೊಸ ಪದರ ಹಾಕುತ್ತಾ ಹೋದರೆ ಪ್ರತಿ ಸಲ ಕೆಲವು ಸೆಂಟಿಮೀಟರ್ ಏರುತ್ತೆ. ಒಂದು ಫೈಲು ನನಗೆ ಚೆನ್ನಾಗಿ ನೆನಪಿದೆ. ಮನೆ ಕಟ್ಟಿದಾಗ ಬಾಗಿಲಿಗೆ ನಾಲ್ಕು ಮೆಟ್ಟಿಲು ಹತ್ತಬೇಕಿತ್ತು ಅಂತ ಹಳೇ ನಕ್ಷೆಯಲ್ಲಿ ಇತ್ತು. ಮಹಡಿ ಏರಿಸಲು ಅನುಮತಿ ಕೇಳಿ ಹೊಸ ಅರ್ಜಿ ಬಂದಾಗ ಜಾಗ ನೋಡಲು ಹೋದೆ. ಕಾಣುತ್ತಿದ್ದದ್ದು ಒಂದೇ ಮೆಟ್ಟಿಲು. ಉಳಿದ ಮೂರು ರಸ್ತೆಯ ಕೆಳಗೆ. ಕಾಂಪೌಂಡ್ ಗೇಟಿನ ಕೆಳಗಿನ ಪಟ್ಟಿಯನ್ನು ಕತ್ತರಿಸಿ ತೆಗೆದಿದ್ದರು, ಇಲ್ಲದಿದ್ದರೆ ಗೇಟು ರಸ್ತೆಗೆ ತಾಗಿ ತೆರೆಯುತ್ತಲೇ ಇರಲಿಲ್ಲ. ಆ ಮನೆಯವರು ಏನೂ ತಪ್ಪು ಮಾಡಿರಲಿಲ್ಲ. ಅವರ ನಕ್ಷೆ ಅಳೆದ ಬಿಂದುವೇ ಮೇಲೆ ಹೋಗಿತ್ತು.

ಅದಕ್ಕೆ ಪ್ಲಿಂತ್ ಎತ್ತರವನ್ನು ಸಮುದ್ರಮಟ್ಟದಿಂದ ಎಷ್ಟು ಎತ್ತರ ಅಂತ ಗುರುತು ಹಾಕಿಟ್ಟಿರುವ ಸರ್ವೆ ಬೆಂಚ್‌ಮಾರ್ಕಿನಿಂದ ಅಳೆಯಿಸಿ. ನಕ್ಷೆಯಲ್ಲಿ ಮೂರು ಗೆರೆ ಒಂದೇ ಅಳತೆಯಲ್ಲಿ ಇರಲೇಬೇಕು: ನೆಲದ ಮಟ್ಟ, ನೆರೆಯ ಮಟ್ಟ, ಪ್ಲಿಂತ್ ಮಟ್ಟ. ನನ್ನ ಮೇಜಿಗೆ ಬಂದ ಫೈಲಿನಲ್ಲಿ ನಾನು ಮೊದಲು ಬಿಚ್ಚುತ್ತಿದ್ದದ್ದು ಮನೆಯ ಅಂದ ತೋರಿಸುವ ಹಾಳೆಯನ್ನಲ್ಲ, ಕಟ್ಟಡವನ್ನು ಉದ್ದಕ್ಕೆ ಸೀಳಿ ತೋರಿಸುವ ಸೆಕ್ಷನ್ ಹಾಳೆಯನ್ನು. ಅದರಲ್ಲಿ ನೆರೆಯ ಮಟ್ಟದ ಗೆರೆ ಇಲ್ಲದಿದ್ದರೆ ಮುಂದೆ ನೋಡುತ್ತಲೇ ಇರಲಿಲ್ಲ.

ಪ್ಲಿಂತ್ ನೆರೆಯ ಮಟ್ಟಕ್ಕೆ ಸರಿಸಮ ಇದ್ದರೆ ಸಾಲದು. ಅಲೆ ಏಳುತ್ತೆ, ಮೋರಿಗೆ ಕಸ ಸಿಕ್ಕಿಕೊಳ್ಳುತ್ತೆ, ಲೆಕ್ಕವೇ ಸ್ವಲ್ಪ ಆಚೀಚೆ ಆಗಿರುತ್ತೆ. ಅದಕ್ಕಾಗಿ ಮೇಲೆ ಇನ್ನಷ್ಟು ಎತ್ತರ ಬಿಡುತ್ತಾರೆ. ಹ್ಯೂಸ್ಟನ್ ನಗರದಲ್ಲಿ 2017ರ ಹಾರ್ವಿ ಚಂಡಮಾರುತದ ಮಳೆ ಊರನ್ನೇ ಮುಳುಗಿಸಿತು. ಆಮೇಲೆ 2018ರಲ್ಲಿ ಅಲ್ಲಿ ನಿಯಮ ಬಿಗಿಯಾಯಿತು: ನೆರೆ ವಲಯದ ಹೊಸ ಕಟ್ಟಡಗಳು ಐನೂರು ವರ್ಷದ ನೆರೆಯ ಮಟ್ಟಕ್ಕಿಂತ ಎರಡು ಅಡಿ ಮೇಲಿರಬೇಕು. ಇಷ್ಟೆಲ್ಲ ಯಾಕೆ ಅನ್ನಿಸಬಹುದು. ಮನೆ ಕಟ್ಟುವಾಗ ಎರಡು ಅಡಿ ಏರಿಸುವುದು ಸುಲಭ. ಕಟ್ಟಿದ ಮನೆಯನ್ನು ಜಾಕಿ ಕೊಟ್ಟು ಎತ್ತುವುದು ಎಂಥ ಕೆಲಸ ಅಂತ ಎತ್ತಿಸಿದವರೇ ಹೇಳಬೇಕು.

ಮನೆ ಒಣಗಿದ್ದು ಸುತ್ತ ನೀರು ನಿಂತರೆ ಹೊರಗೆ ಬರುವುದು ಹೇಗೆ ಅಂತಲೂ ಯೋಚಿಸಿ. ಹ್ಯಾಂಬರ್ಗ್‌ನ ಹಾಫೆನ್‌ಸಿಟಿ ಬಡಾವಣೆ ಊರಿನ ಮುಖ್ಯ ದಂಡೆಯ ಹೊರಗೆ, ಹಳೇ ಬಂದರಿನ ಜಾಗದಲ್ಲಿದೆ. 1962ರ ಸಮುದ್ರದ ಉಬ್ಬರದಲ್ಲಿ 315 ಜನರನ್ನು ಕಳೆದುಕೊಂಡ ಊರು ಅದು. ಅಲ್ಲಿ ಕಟ್ಟಡಗಳನ್ನು ಸಮುದ್ರಮಟ್ಟದಿಂದ ಸುಮಾರು 8 ಮೀಟರ್ ಎತ್ತರಕ್ಕೆ ಏರಿಸಿದ್ದು ಮಾತ್ರವಲ್ಲ, ರಸ್ತೆ ಸೇತುವೆಗಳನ್ನೂ ಜೊತೆಗೇ ಏರಿಸಿದರು. ಅಗ್ನಿಶಾಮಕ ವಾಹನ ಬರುವ ದಾರಿ ಮುಳುಗಿದರೆ ಎತ್ತರದ ಮನೆ ಇದ್ದೂ ಪ್ರಯೋಜನವಿಲ್ಲ ಅಂತ ಅವರಿಗೆ ಗೊತ್ತಿತ್ತು.

ಪ್ರಶ್ನೆ: ನಮ್ಮ ಜಾಗದ ಹತ್ತಿರ ಹೊಳೆಯೂ ಇಲ್ಲ, ಕೆರೆಯೂ ಇಲ್ಲ. ಆದರೂ ನೆರೆ ನಕ್ಷೆಯಲ್ಲಿ ಬಣ್ಣ ಹಚ್ಚಿದ್ದಾರೆ. ತಪ್ಪಾಗಿರಬಹುದಾ?

ಉತ್ತರ: ತಪ್ಪಾಗಿರುವ ಸಾಧ್ಯತೆ ಕಮ್ಮಿ. ಊರಿನೊಳಗೆ ನೆರೆ ಬರಲು ಹೊಳೆಯೇ ಬೇಕಿಲ್ಲ. 100 ಚದರ ಮೀಟರ್ ಚಾವಣಿಯ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಹತ್ತು ಸಾವಿರ ಲೀಟರ್ ನೀರು. ಅದು ಮಣ್ಣಿಗೆ ಬಿದ್ದಿದ್ದರೆ ಒಂದಷ್ಟು ಇಂಗುತ್ತಿತ್ತು. ಕಾಂಕ್ರೀಟಿನ ಮೇಲೆ ಬಿದ್ದದ್ದು ಹೆಚ್ಚುಕಡಿಮೆ ಪೂರ್ತಿ ಓಡುತ್ತೆ. ಚರಂಡಿಗೆ ಅಷ್ಟು ಶಕ್ತಿ ಇಲ್ಲದಿದ್ದರೆ ರಸ್ತೆಯೇ ಕಾಲುವೆ ಆಗುತ್ತೆ. ನಿಮ್ಮ ಸೈಟು ಸುತ್ತಲಿನದಕ್ಕಿಂತ ತಗ್ಗಿದ್ದರೆ ಅಥವಾ ಮುಚ್ಚಿಹೋದ ಹಳೇ ಹಳ್ಳದ ದಾರಿಯಲ್ಲಿದ್ದರೆ ಅಲ್ಲಿಗೇ ಬಂದು ನಿಲ್ಲುತ್ತೆ. ಹಳ್ಳ ಮುಚ್ಚಬಹುದು, ಇಳಿಜಾರನ್ನು ಮುಚ್ಚಲಾಗುವುದಿಲ್ಲ.

2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಕೋಪನ್‌ಹೇಗನ್‌ನಲ್ಲಿ 2011ರ ಜುಲೈ 2ರಂದು ಎರಡು ಗಂಟೆಯ ಆಸುಪಾಸಿನಲ್ಲಿ ಸುಮಾರು 150 ಮಿಲಿಮೀಟರ್ ಸುರಿದು ಪೇಟೆಯ ಬೀದಿಗಳು ಮುಳುಗಿದವು. ಮರುವರ್ಷವೇ ಕೋಪನ್‌ಹೇಗನ್‌ನವರು ಜಡಿಮಳೆಗೆಂದೇ ಒಂದು ಯೋಜನೆ ಮಾಡಿದರು. ಯಾವ ಬೀದಿ ನೀರನ್ನು ಹೊತ್ತು ಬಂದರಿಗೆ ಒಯ್ಯಬೇಕು, ಯಾವ ಪಾರ್ಕು ತಗ್ಗಿದ್ದು ನೀರು ಹಿಡಿದಿಟ್ಟುಕೊಳ್ಳಬೇಕು ಅಂತ ಮೊದಲೇ ಗೊತ್ತು ಮಾಡಿದರು. ನಿಮ್ಮ ಮನೆ ಅಂಥ ಬೀದಿಯ ಬದಿಗಿದ್ದರೆ ಕಾಂಪೌಂಡ್ ಗೋಡೆಯನ್ನು ಎಲ್ಲಿ, ಎಷ್ಟು ಎತ್ತರ ಕಟ್ಟುತ್ತೀರಿ ಅನ್ನುವುದಕ್ಕೂ ಅನುಮತಿ ಬೇಕಾಗಬಹುದು. ಬೇಕಾಗಲೇಬೇಕು ಅಂತ ನನ್ನ ಅಭಿಪ್ರಾಯ. ನೀರಿನ ದಾರಿಗೆ ಅಡ್ಡ ನಿಂತ ಒಂದು ಗೋಡೆ ಇಡೀ ಬೀದಿಯನ್ನು ಮುಳುಗಿಸಬಲ್ಲದು.

ಪ್ರಶ್ನೆ: ಅಪಾರ್ಟ್‌ಮೆಂಟಿಗೆ ಬೇಸ್‌ಮೆಂಟ್ ಪಾರ್ಕಿಂಗ್ ಮಾಡುತ್ತಿದ್ದೇವೆ. ಪಂಪು, ಜನರೇಟರ್ ಎಲ್ಲ ಇದೆ. ಅಲ್ಲೇ ಒಂದು ಪಕ್ಕಕ್ಕೆ ಕಾವಲುಗಾರರಿಗೆ ಮಲಗಲು ಕೋಣೆ ಕೊಡಬಹುದಾ?

ಉತ್ತರ: ದಯವಿಟ್ಟು ಬೇಡ. ನೆರೆ ಬರುವ ಜಾಗದಲ್ಲಿ ನೆಲದ ಕೆಳಗೆ ಯಾರನ್ನೂ ಮಲಗಿಸಬೇಡಿ. ಇಲ್ಲಿ ನಾನು ಸೌಮ್ಯವಾಗಿ ಹೇಳಲಾರೆ.

ಬಾಗಿಲಿನ ಹೊರಗೆ 50 ಸೆಂಟಿಮೀಟರ್ ನೀರು ಏರಿದೆ ಅಂದುಕೊಳ್ಳಿ, ಅಂದರೆ ಮೊಣಕಾಲಿನಷ್ಟು. 90 ಸೆಂಟಿಮೀಟರ್ ಅಗಲದ ಬಾಗಿಲಿನ ಮೇಲೆ ಅದು ಒತ್ತುವ ಭಾರ ಸುಮಾರು 110 ಕೆಜಿ. ಬಾಗಿಲು ಹೊರಕ್ಕೆ ತೆರೆಯುವಂಥದ್ದಾದರೆ ಒಳಗಿರುವವರಿಗೆ ತೆರೆಯಲು ಆಗುವುದೇ ಇಲ್ಲ. ಒಳಕ್ಕೆ ತೆರೆಯುವಂಥದ್ದಾದರೆ ಚಿಲಕ ಸರಿಸಿದ ಕ್ಷಣ ನೀರು ಅವರ ಮೇಲೇ ಬೀಳುತ್ತೆ. ಬೇಸ್‌ಮೆಂಟಿಗೆ ನೀರು ನುಗ್ಗುವುದು ರ್‍ಯಾಂಪಿನಿಂದ. ರಸ್ತೆಯ ನೀರು ರ್‍ಯಾಂಪಿನ ನೆತ್ತಿ ದಾಟಿತೆಂದರೆ ಮುಂದಿನದು ನಿಮಿಷಗಳ ಮಾತು. ಕರೆಂಟು ಹೋಗುತ್ತೆ, ಪಂಪು ನಿಲ್ಲುತ್ತೆ, ಕತ್ತಲಾಗುತ್ತೆ.

2021ರ ಸೆಪ್ಟೆಂಬರ್ ಮಳೆಯಲ್ಲಿ ನ್ಯೂಯಾರ್ಕ್ ನಗರದಲ್ಲಿ ಸತ್ತ 13 ಜನರಲ್ಲಿ 11 ಜನ ನೆಲಮಾಳಿಗೆಯ ಮನೆಗಳಲ್ಲಿದ್ದವರು. 2022ರ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದ ಅರೆನೆಲಮಾಳಿಗೆ ಮನೆಯಲ್ಲಿ ಒಂದೇ ಕುಟುಂಬದ ಮೂವರು ಹೊರಗೆ ಬರಲಾಗದೆ ತೀರಿಕೊಂಡರು. ಅಂಥ ಮನೆಗಳನ್ನೇ ಹಂತಹಂತವಾಗಿ ಕೈಬಿಡುತ್ತೇವೆ ಅಂತ ಆ ನಗರ ಆಮೇಲೆ ಹೇಳಿತು. ದೆಹಲಿಯಲ್ಲಿ 2024ರ ಜುಲೈನಲ್ಲಿ ಬೇಸ್‌ಮೆಂಟಿನ ಗ್ರಂಥಾಲಯದಲ್ಲಿ ಓದುತ್ತಿದ್ದ ಮೂವರು ವಿದ್ಯಾರ್ಥಿಗಳು ಮುಳುಗಿ ಸತ್ತರು. ಅಲ್ಲಿ ಗ್ರಂಥಾಲಯ ನಡೆಸಲು ಅನುಮತಿಯೇ ಇರಲಿಲ್ಲ. ಬೇಸ್‌ಮೆಂಟನ್ನು ಯಾವುದಕ್ಕೆ ಬಳಸುತ್ತೀರಿ ಅಂತ ನಕ್ಷೆಯಲ್ಲಿ ಬರೆಸಿಕೊಳ್ಳುವುದು ಇದಕ್ಕೇ. ಆ ಒಂದು ಸಾಲನ್ನು ದಾಟಿದರೆ ಜೀವ ಹೋಗುತ್ತೆ.

ಪಾರ್ಕಿಂಗ್ ಮಾತ್ರ ಮಾಡುವುದಾದರೂ ರ್‍ಯಾಂಪಿನ ನೆತ್ತಿಯನ್ನು ಉಬ್ಬು ಮಾಡಿ ನೆರೆಯ ಮಟ್ಟಕ್ಕಿಂತ ಮೇಲಕ್ಕೆ ಇಡಿ. ಗಾಳಿಕಿಂಡಿಗಳನ್ನೂ ಅಷ್ಟೇ ಮೇಲಕ್ಕೆ ಇಡಿ, ಇದನ್ನು ಬಹಳ ಜನ ಮರೆಯುತ್ತಾರೆ. ಮೇಲಕ್ಕೆ ಬರಲು ಬೇರೊಂದು ಮೆಟ್ಟಿಲು ಇರಲಿ. ವಿದ್ಯುತ್ ಪ್ಯಾನೆಲ್, ಜನರೇಟರ್ ಎರಡೂ ಮೇಲಿನ ಮಹಡಿಗೆ ಹೋಗಲಿ. ಇನ್ನು ಸುತ್ತಲಿನ ಮಣ್ಣು ಪೂರ್ತಿ ನೆನೆದಾಗ ಮೂರು ಮೀಟರ್ ಆಳದ ಬೇಸ್‌ಮೆಂಟಿನ ನೆಲವನ್ನು ಪ್ರತಿ ಚದರ ಮೀಟರಿಗೆ ಮೂರು ಟನ್‌ನಷ್ಟು ಬಲ ಕೆಳಗಿನಿಂದ ಮೇಲಕ್ಕೆ ತಳ್ಳುತ್ತಿರುತ್ತೆ. ಇದಕ್ಕೆ ಲೆಕ್ಕ ಹಾಕಿದ್ದೀರಾ ಅಂತ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಬರಹದಲ್ಲಿ ಕೇಳಿ.

ಪ್ರಶ್ನೆ: ಕಂಬದ ಮೇಲೆ ಮನೆ ಕಟ್ಟಿದ್ದೇವೆ. ಕೆಳಗಿನ ಖಾಲಿ ಜಾಗಕ್ಕೆ ಗೋಡೆ ಹಾಕಿ ಅಂಗಡಿ ಮಾಡಬಹುದಾ?

ಉತ್ತರ: ಆ ಖಾಲಿ ಜಾಗ ಖಾಲಿ ಇರಲಿ ಅಂತಲೇ ನಿಮಗೆ ಅನುಮತಿ ಸಿಕ್ಕಿದ್ದು. ಗೋಡೆ ಹಾಕಿದರೆ ನೀರು ಅದನ್ನು ಒಂದು ಕಡೆಯಿಂದ ಒತ್ತುತ್ತೆ, ಆ ಒತ್ತಡ ಕಂಬಗಳಿಗೆ ಹೋಗುತ್ತೆ. ಕಾರು ನಿಲ್ಲಿಸಲು ಮುಚ್ಚಲೇಬೇಕು ಅಂತಿದ್ದರೆ ಗೋಡೆಯ ಬುಡದಲ್ಲಿ ನೀರು ತಾನಾಗಿ ಒಳಗೆ ಹೊರಗೆ ಹೋಗುವ ಕಿಂಡಿ ಬಿಡಬೇಕು. ಅಮೆರಿಕದ ನಿಯಮ ಕೇಳುವುದು ಒಂದು ಚದರ ಅಡಿ ನೆಲಕ್ಕೆ ಒಂದು ಚದರ ಇಂಚು ಕಿಂಡಿ, ಕಮ್ಮಿ ಅಂದರೆ ಎರಡು, ಬೇರೆ ಬೇರೆ ಗೋಡೆಗಳಲ್ಲಿ. ಒಳಗೂ ಹೊರಗೂ ನೀರು ಒಂದೇ ಮಟ್ಟದಲ್ಲಿದ್ದರೆ ಗೋಡೆ ಉಳಿಯುತ್ತೆ. ಅಂಗಡಿ ಮಾತ್ರ ಬೇಡ.

ಪ್ರಶ್ನೆ: ಹೊಳೆಗೆ ಈಗ ಎತ್ತರದ ತಡೆಗೋಡೆ ಕಟ್ಟಿದ್ದಾರೆ. ಇನ್ನು ಹಿಂದಿನ ಜಾಗ ಸುರಕ್ಷಿತ ಅಂತ ತಿಳಿದುಕೊಳ್ಳಬಹುದಾ?

ಉತ್ತರ: ಗೋಡೆಯನ್ನು ಎಷ್ಟು ನೀರಿಗೆ ಕಟ್ಟಿದ್ದಾರೋ ಅಷ್ಟು ನೀರಿನವರೆಗೆ. ಅದರಾಚೆ ಮೊದಲಿಗಿಂತ ಅಪಾಯ ಹೆಚ್ಚು. ಗೋಡೆ ಇಲ್ಲದಾಗ ನೀರು ನಿಧಾನವಾಗಿ ಏರುತ್ತಿತ್ತು, ಜನ ಎದ್ದು ಹೋಗುತ್ತಿದ್ದರು. ಗೋಡೆ ಒಡೆದರೆ ಒಮ್ಮೆಲೇ ನುಗ್ಗುತ್ತೆ. ಗೋಡೆ ನಂಬಿಕೊಂಡು ಅಷ್ಟರಲ್ಲಿ ಹಿಂದೆ ಮನೆಗಳೂ ಹೆಚ್ಚಿರುತ್ತವೆ. ಅಮೆರಿಕದ ಭೂಗೋಳ ವಿದ್ವಾಂಸ ಗಿಲ್ಬರ್ಟ್ ವೈಟ್ 1940ರ ದಶಕದಲ್ಲೇ ಇದನ್ನು ಎತ್ತಿ ಹೇಳಿದರು. ಬರೀ ಅಣೆಕಟ್ಟು, ದಂಡೆ ನೆಚ್ಚಿಕೊಳ್ಳಬೇಡಿ, ಎಲ್ಲಿ ಕಟ್ಟುತ್ತೀರಿ ಅನ್ನುವುದನ್ನೂ ಹಿಡಿತದಲ್ಲಿಡಿ ಅನ್ನುವುದು ಅವರ ವಾದ. ಇಂಗ್ಲೆಂಡಿನ ನೆರೆ ವಲಯಗಳನ್ನು ಗುರುತಿಸುವಾಗ ತಡೆಗೋಡೆಗಳು ಇಲ್ಲವೇ ಇಲ್ಲ ಎಂಬಂತೆ ಲೆಕ್ಕ ಹಾಕುವುದು ಈ ಕಾರಣಕ್ಕೇ. ನನಗೆ ಅದು ಬಹಳ ಸರಿ ಕಾಣುತ್ತೆ.

ಪ್ರಶ್ನೆ: ದಾನಿಯೊಬ್ಬರು ಆಸ್ಪತ್ರೆ ಕಟ್ಟಲು ನಮ್ಮ ಟ್ರಸ್ಟಿಗೆ ಜಾಗ ಕೊಟ್ಟಿದ್ದಾರೆ. ಸ್ವಲ್ಪ ತಗ್ಗಿನ ಜಾಗ. ಮನೆಗಳಿಗೆ ಅನುಮತಿ ಸಿಗುವ ಕಡೆ ಆಸ್ಪತ್ರೆಗೆ ಯಾಕೆ ಸಿಗುವುದಿಲ್ಲ?

ಉತ್ತರ: ಮನೆಯವರನ್ನು ಹೊರಗೆ ಕರೆದುಕೊಂಡು ಬರಬಹುದು. ಐಸಿಯುನಲ್ಲಿ ಇರುವವರನ್ನು ಹೇಗೆ ತರುತ್ತೀರಿ? ಊರಿಗೆ ನೆರೆ ಬಂದ ದಿನವೇ ಆಸ್ಪತ್ರೆ ಜಾಸ್ತಿ ಬೇಕಾಗುವುದು.

ನಮ್ಮ ದೇಶದಲ್ಲಿ 1975ರಲ್ಲೇ ಕೇಂದ್ರ ಜಲ ಆಯೋಗ ನೆರೆ ಬಯಲಿನ ವಲಯೀಕರಣಕ್ಕೆ ಒಂದು ಮಾದರಿ ಮಸೂದೆಯನ್ನು ರಾಜ್ಯಗಳಿಗೆ ಕಳಿಸಿತ್ತು. ಆ ವಲಯೀಕರಣದ ಕ್ರಮದಲ್ಲಿ ಆಸ್ಪತ್ರೆ, ವಿದ್ಯುತ್ ಕೇಂದ್ರ, ನೀರು ಪೂರೈಕೆ ಇವೆಲ್ಲ ಮೊದಲ ಸಾಲಿನಲ್ಲಿವೆ. ಇವು ನೂರು ವರ್ಷದ ನೆರೆಯ ಮಟ್ಟಕ್ಕಿಂತ ಮೇಲಿರಬೇಕು. ಮನೆಗಳು, ಕಚೇರಿಗಳು ಎರಡನೇ ಸಾಲಿನಲ್ಲಿ, 25 ವರ್ಷದ ನೆರೆಗಿಂತ ಮೇಲೆ. ಪಾರ್ಕು, ಆಟದ ಮೈದಾನಗಳು ತಗ್ಗಿನಲ್ಲಿ ಇರಬಹುದು. ಸರಳವಾಗಿ, ಸರಿಯಾಗಿ ಯೋಚಿಸಿದ ಕ್ರಮ. ಬೇಸರದ ಸಂಗತಿ ಅಂದರೆ ಅದನ್ನು ಕಾನೂನು ಮಾಡಿಕೊಂಡ ರಾಜ್ಯಗಳು ಬೆರಳೆಣಿಕೆಯಷ್ಟು. 1978ರಲ್ಲಿ ಮಣಿಪುರ ಮೊದಲು ಮಾಡಿತು, ಆಮೇಲೆ ರಾಜಸ್ಥಾನ, ಉತ್ತರಾಖಂಡ. ಐದು ದಶಕ ಹಳೆಯ ಒಳ್ಳೇ ಕಾಗದವೊಂದು ಹಾಗೇ ಕೂತಿದೆ ಅಂತ ನೆನೆದಾಗ ನನಗೆ ಸಂಕಟವಾಗುತ್ತೆ.

2012ರ ಸ್ಯಾಂಡಿ ಚಂಡಮಾರುತದಲ್ಲಿ ನ್ಯೂಯಾರ್ಕಿನ ಒಂದು ದೊಡ್ಡ ಆಸ್ಪತ್ರೆಯ ಜನರೇಟರುಗಳು 13ನೇ ಮಹಡಿಯಲ್ಲಿ ಸುರಕ್ಷಿತವಾಗಿದ್ದವು. ಅವಕ್ಕೆ ಇಂಧನ ಏರಿಸುವ ಪಂಪುಗಳು ಮಾತ್ರ ಬೇಸ್‌ಮೆಂಟಿನಲ್ಲಿ ಮುಳುಗಿದವು. ಕತ್ತಲ ಮೆಟ್ಟಿಲುಗಳಲ್ಲಿ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಇಂಧನ ದಾಟಿಸಿದರು. ಕೊನೆಗೂ ರೋಗಿಗಳನ್ನು ಬೇರೆಡೆಗೆ ಸಾಗಿಸಲೇಬೇಕಾಯಿತು. ನಿಮ್ಮ ದಾನಿಗಳ ಹತ್ತಿರ ಇದನ್ನೇ ಹೇಳಿ. ಆ ಜಾಗವನ್ನು ಆಟದ ಮೈದಾನ ಮಾಡಿ, ಆಸ್ಪತ್ರೆಗೆ ಏರಿನ ಜಾಗ ಹುಡುಕಲು ನೆರವು ಕೇಳಿ. ಒಳ್ಳೇ ಮನಸ್ಸಿನವರು ಒಪ್ಪುತ್ತಾರೆ ಅನ್ನುವ ನಂಬಿಕೆ ನನಗಿದೆ.

ಪ್ರಶ್ನೆ: ಸುತ್ತಮುತ್ತ ಎಲ್ಲರೂ ಕಟ್ಟಿಕೊಂಡಿದ್ದಾರೆ. ನಮ್ಮ ಸರದಿ ಬಂದಾಗ ನಿಯಮ ಅಡ್ಡ ಬಂತು. ಇದು ಅನ್ಯಾಯ ಅಲ್ವಾ?

ಉತ್ತರ: ನಿಮ್ಮ ನೋವು ಅರ್ಥವಾಗುತ್ತೆ. ಮೊದಲು ಕಟ್ಟಿದವರಿಗೆ ಸಿಕ್ಕಿದ್ದು ನಿಮಗೆ ಸಿಗುತ್ತಿಲ್ಲ, ನಿಜ. ಆದರೆ ಅವರೆಲ್ಲ ಕಟ್ಟಿದ್ದರಿಂದಲೇ ನಿಮ್ಮ ಸೈಟಿನ ಮೇಲೆ ಈಗ ಮೊದಲಿಗಿಂತ ಹೆಚ್ಚು ನೀರು ನಿಲ್ಲುತ್ತಿರುವುದು. ಅವರ ಸಾಲಿಗೆ ನೀವೂ ಸೇರಿದರೆ ಆ ನೀರು ಮತ್ತೊಬ್ಬರ ಮೇಲೆ ಹೋಗುತ್ತೆ.

ಅನ್ಯಾಯ ಆಗಿರುವುದು ಬೇರೆ ಕಡೆ. ಆ ಬಡಾವಣೆಯನ್ನು ಸೈಟುಗಳಾಗಿ ಒಡೆಯುವ ಹೊತ್ತಿನಲ್ಲೇ ಕೇಳಬೇಕಿದ್ದ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಇಂಗ್ಲೆಂಡಿನಲ್ಲಿ ತಗ್ಗಿನ ಜಾಗದಲ್ಲಿ ಕಟ್ಟಬೇಕು ಅನ್ನುವವರು ಮೊದಲು ಒಂದು ಮಾತಿಗೆ ಉತ್ತರ ಕೊಡಬೇಕು: ಇದೇ ಕಟ್ಟಡಕ್ಕೆ ಇದಕ್ಕಿಂತ ಕಮ್ಮಿ ಅಪಾಯದ ಜಾಗ ಈ ಊರಲ್ಲಿ ಇಲ್ಲವಾ? ಇದೆ ಅಂತಾದರೆ ಅಲ್ಲಿಗೆ ಹೋಗಬೇಕು. ಎಷ್ಟು ಎತ್ತರ ಕಟ್ಟಬೇಕು, ಎಂಥ ಗೋಡೆ ಅನ್ನುವುದೆಲ್ಲ ಆಮೇಲಿನ ಮಾತು. ಒಬ್ಬೊಬ್ಬ ಸೈಟುದಾರರ ಬಾಗಿಲಲ್ಲಿ ಈ ಪ್ರಶ್ನೆ ಕೇಳಿದರೆ ಅದು ಕ್ರೂರ. ಬಡಾವಣೆಯ ನಕ್ಷೆ ಮೇಜಿನ ಮೇಲಿರುವಾಗ ಕೇಳಿದರೆ ಯಾರಿಗೂ ನಷ್ಟವಿಲ್ಲ. ತಗ್ಗಿನ ಪಟ್ಟಿಯನ್ನು ಪಾರ್ಕಿಗೆ ಬಿಟ್ಟು ಏರಿನಲ್ಲಿ ಸೈಟು ಮಾಡಿದರೆ ಆಯಿತು.

ನೀವು ಈಗ ಮಾಡಬಹುದಾದದ್ದು ಹೇಳುತ್ತೇನೆ. ಅನುಮತಿ ನಿರಾಕರಿಸಿದ ಕಾರಣವನ್ನು ಬರಹದಲ್ಲಿ ಪಡೆಯಿರಿ. ಸೈಟು ಹರಿವಿನ ದಾರಿಯಲ್ಲಿದೆಯಾ, ಅಂಚಿನಲ್ಲಿದೆಯಾ ಅಂತ ಅದರಲ್ಲಿ ಸ್ಪಷ್ಟ ಇರಬೇಕು. ಅಂಚಿನಲ್ಲಿದ್ದರೆ ಕಂಬದ ಮೇಲಿನ ಮನೆಗೆ ಹೊಸ ನಕ್ಷೆ ಹಾಕಿ, ನಾನು ಮೇಲೆ ಹೇಳಿದ ಮೂರು ಮಟ್ಟಗಳನ್ನು ತೋರಿಸಿ. ಹರಿವಿನ ದಾರಿಯಲ್ಲಿದ್ದರೆ ಅಕ್ಕಪಕ್ಕದ ಅಂಥದ್ದೇ ಸೈಟಿನವರನ್ನೆಲ್ಲ ಸೇರಿಸಿಕೊಂಡು ಬದಲಿ ಜಾಗ ಅಥವಾ ಪರಿಹಾರ ಕೇಳಿ. ಒಬ್ಬೊಬ್ಬರೇ ಹೋಗಬೇಡಿ. 1993ರ ಮಿಸಿಸಿಪ್ಪಿ ನೆರೆಯ ನಂತರ ಅಮೆರಿಕದ ವಾಲ್ಮಯರ್ ಎಂಬ ಪುಟ್ಟ ಊರಿನ ಜನ ಒಟ್ಟಾಗಿ ಕೇಳಿದ್ದಕ್ಕೇ ಇಡೀ ಊರು ಗುಡ್ಡದ ಮೇಲಿನ ಹೊಸ ಜಾಗಕ್ಕೆ ಹೋಗಲು ಸಾಧ್ಯವಾಯಿತು. ನಿರಾಕರಣೆಯ ಪತ್ರ, ಸೈಟಿನ ಕ್ರಯಪತ್ರ, ಬಡಾವಣೆಗೆ ಅನುಮೋದನೆ ಸಿಕ್ಕ ವರ್ಷದ ನಕ್ಷೆ, ಈ ಮೂರನ್ನೂ ಜೊತೆಗಿಟ್ಟು ಅರ್ಜಿ ಕೊಡಿ. ಬಡಾವಣೆಗೆ ಒಪ್ಪಿಗೆ ಕೊಟ್ಟಾಗ ನೆರೆ ವಲಯದ ನಕ್ಷೆ ಆಗಲೇ ಇತ್ತು ಅಂತಾದರೆ ನಿಮ್ಮ ಬೇಡಿಕೆಗೆ ಬಲ ಬರುವುದು ಅಲ್ಲಿಂದಲೇ.